ಒಗೆಯುವ ಕಲ್ಲಿನ ಕೆಳಗೆ

ಕಲಬುರಗಿಯಲ್ಲಿ ನಮ್ಮ ಮನೆ ಕುಸನೂರಿನ ಕಡೆ. ಅದು ಹಳ್ಳಿಯೂ ಅಲ್ಲ, ಪೇಟೆಯೂ ಅಲ್ಲ. ಹೊಲವನ್ನು ತುಂಡು ತುಂಡು ಮಾಡಿ, ಹಳದಿ ಬಣ್ಣ ಬಳಿದ ಕಲ್ಲು ನೆಟ್ಟು, ಅದಕ್ಕೊಂದು 'ನಗರ' ಎಂದು ಹೆಸರಿಟ್ಟಿದ್ದಾರೆ. ಒಂದು ಮನೆ, ಪಕ್ಕಕ್ಕೆ ಎರಡು ಖಾಲಿ ಪ್ಲಾಟು, ಅವುಗಳ ತುಂಬ ಜಾಲಿ, ಜಾಲಿಯೊಳಗೆ ಯಾರದೋ ಎಮ್ಮೆ. ಡಾಂಬರು ರಸ್ತೆ ಬರುತ್ತದೆ ಎಂದು ಮನೆ ಕಟ್ಟುವಾಗಿನಿಂದ ಕೇಳುತ್ತಿದ್ದೇವೆ, ಬಂದದ್ದು ನೀರಿನ ಟ್ಯಾಂಕರ್ ಮಾತ್ರ. ಮಳೆ ಬಿದ್ದರೆ ಕರಿಮಣ್ಣು ಚಪ್ಪಲಿ ಹಿಡಿದು ಬಿಡುವುದಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ತಾನೂ ಬಿರಿದು ನಮ್ಮ ಗೋಡೆಗಳನ್ನೂ ಬಿರಿಸುತ್ತದೆ. ಆದರೂ ನಮ್ಮ ಓಣಿಯವರಿಗೆ ಜಂಬವೇನೂ ಕಡಿಮೆಯಿಲ್ಲ. ಗೋಡೆ ಸೀಳಿದ್ದರೂ ಗೇಟಿಗೊಂದು ಹಿತ್ತಾಳೆ ಬೋರ್ಡು ಬೇಕೇ ಬೇಕು.

ಈ ಮನೆ ಮಾರಿ ಓಡಿಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಕಾರಣ ಹೇಳಿದರೆ ನಗಬೇಡಿ, ಬಾನಾಮತಿ. ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ನನ್ನ ಮನೆಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ನಂಬಿ ಕೂತಿದ್ದೆ.

ನಂಬುವಂಥದ್ದು ಕಣ್ಣಾರೆ ಕಂಡಿದ್ದೆ. ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿರುವುದಿಲ್ಲ. ಸಜ್ಜೆ ಕಡುಬು, ಭಜ್ಜಿ, ಅನ್ನ, ಅಂಬಲಿ ಬುಟ್ಟಿಗೆ ತುಂಬಿಕೊಂಡು ಹೊಲಕ್ಕೆ ಹೋಗುತ್ತೇವೆ. ಹೊಲವಿಲ್ಲದವರು ಹೊಲವಿರುವ ಗೆಳೆಯರ ಜೊತೆ ಹೋಗುತ್ತಾರೆ. ಪಕ್ಕದ ಮನೆಯ ಆಪಾ ಕೂಡ, ಕಪನೂರಿನ ವರ್ಕ್‌ಶಾಪಿನಲ್ಲಿ ತನ್ನ ಗಂಡನ ಜೊತೆ ದುಡಿಯುವ ಒಬ್ಬರ ಹೊಲಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾಳೆ. ನಾನು ಹೋಗುವುದು ಕಮಲಾಪುರಕ್ಕೆ. ಅಲ್ಲಿ ರಸ್ತೆ ಪಕ್ಕದಲ್ಲೇ ಅಪ್ಪನ ಹೊಲ, ಅಂಚಿನಲ್ಲಿ ಕೆಂಪು ಬಾಳೆ, ಬಾಳೆಯ ನೆರಳಿನಲ್ಲಿ ಅವ್ವನ ಗದ್ದುಗೆ. ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುತ್ತೇವೆ. ಅವ್ವನ ಮುಂದೆ ಕುಂಕುಮ, ಕಡುಬು ಇಟ್ಟು, ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾ ಹೋಗುತ್ತೇವೆ. ಭೂಮಿತಾಯಿಗೆ ಉಣಿಸುವ ಈ ಊಟಕ್ಕೆ ಚರಗ ಎನ್ನುತ್ತೇವೆ. ಚೆಲ್ಲುವವರು ಕೂಗುವ ಒಂದು ಕೂಗಿದೆ, ಅದನ್ನು ನಾನು ಹಾಲು ಕುಡಿಯುವ ಕಾಲದಿಂದ ಕೇಳಿದ್ದೇನೆ.

ಹೊಸ ಮನೆಗೆ ಬಂದ ಮೊದಲ ವರ್ಷ ಹಾಗೆ ಚರಗ ಚೆಲ್ಲಿ ಸಂಜೆ ಮರಳಿದರೆ, ಮನೆಯ ಸುತ್ತ ನೆಲಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಕುಂಕುಮ ಹತ್ತಿದ ಅನ್ನ! ಮುಂಬಾಗಿಲಿಗೆ, ಸ್ಕೂಟಿಯ ಸೀಟಿಗೆ, ಹಿತ್ತಿಲಿನ ಬಚ್ಚಲಿಗೆ. ಕಾಗೆ ತಿಂದು ಉಳಿಸಿದ್ದು ಮೆತ್ತಿಕೊಂಡಿತ್ತು. ಅಮಾವಾಸ್ಯೆ, ಅನ್ನ, ಕುಂಕುಮ. ನಾನು ಆಪಾನನ್ನು ಕೂಗಿದೆ. ಆಪಾ ಬಂದು ನೋಡಿ, "ಅರೆ ಅಲ್ಲಾ, ಕೋನ್ ಕರೇ ಯೆ?" ಯಾರು ಮಾಡಿದ್ದು ಇದನ್ನು, ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಮರುದಿನವೇ ದರ್ಗಾದಿಂದ ತಾಯಿತ ತಂದುಕೊಟ್ಟಳು. ನಾನು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದೆ, ಎತ್ತರದ ಗೇಟು ಹಾಕಿಸಿ ಕೀಲಿ ಜಡಿದೆ. ಎರಡನೆಯ ವರ್ಷ ಕೀಲಿ ಹಾಕಿದ ಗೇಟಿನ ಒಳಗೇ ಅನ್ನ ಬಿದ್ದಿತ್ತು. ಆಮೇಲೆ ಗೋಡೆಯಲ್ಲಿ ಸೀಳು ಕಂಡರೂ ಬಾನಾಮತಿ, ಹಾಲು ಒಡೆದರೂ ಬಾನಾಮತಿ.

ಅತ್ತು ಅತ್ತು ಅಪ್ಪನಿಗೆ ಹೇಳಿದೆ. ಈ ಮನೆ ಮಾರಿದ ಹಣಕ್ಕೆ ಪೇಟೆಯ ನಡುವೆ ಇನ್ನೊಂದು ಬರುವುದಿಲ್ಲ. ರಸ್ತೆ ಪಕ್ಕದ ಹೊಲ ಕೇಳಿಕೊಂಡು ಲೇಔಟಿನವರು ಅಪ್ಪನ ಮನೆಗೆ ತಿರುಗುತ್ತಿದ್ದರು, ಅಪ್ಪ ಅವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದರು. ಕಡಿಮೆ ಬೀಳುವ ಹಣಕ್ಕೆಂದು, ನನಗಾಗಿ ಈ ಸಲ ಹೊಲ ಮಾರಲು ಒಪ್ಪಿದರು. "ನೀ ಅಂಜಕೊಂಡು ಬಾಳೇ ಮಾಡೂದು ಬ್ಯಾಡವ್ವಾ" ಎಂದರು. ಎಳ್ಳಮಾವಾಸ್ಯೆಯ ಮರುದಿನ ಕಚೇರಿಗೆ ಹೋಗಿ ಹೊಲ ಬರೆದುಕೊಡುವುದೆಂದು ಆಗಿತ್ತು.

ಹೋಗುವ ಮೊದಲು ಆ ಮಾಟಗಾರರ ಮುಖ ನೋಡಲೇಬೇಕೆಂದು ನನಗೆ ರೊಚ್ಚು. ಈ ಸಲ ಗಂಡನ ಕೈಗೆ ಬುಟ್ಟಿ ಕೊಟ್ಟು ಕಮಲಾಪುರಕ್ಕೆ ಕಳಿಸಿದೆ. ನಾನು ಒಳಗಿನಿಂದ ಬಾಗಿಲು ಹಾಕಿಕೊಂಡು, ಕಿಟಕಿಯ ಹಿಂದೆ ಖಾರದ ಪುಡಿಯ ಡಬ್ಬಿ ಹಿಡಿದು ಕೂತೆ. ಓಣಿ ಪೂರ್ತಿ ಖಾಲಿ. ಆಪಾನ ಮನೆಗೂ ಬೀಗ.

ನಡು ಮಧ್ಯಾಹ್ನ ಒಂದು ಆಟೋ ಬಂದು ನಿಂತಿತು. ಮುದುಕಿಯೊಬ್ಬಳು ಇಳಿದಳು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ತಂಬಿಗೆ. ಆಟೋ ನಡೆಸುತ್ತಿದ್ದವನು ಅವಳ ಮಗನಿರಬೇಕು, ಮುಖ ಆಕಡೆ ತಿರುಗಿಸಿ ಕೂತ. ಅವಳು ನಮ್ಮ ಗೇಟಿನ ಮುಂದಿನ ಬೇವಿನ ಗಿಡ ಮುಟ್ಟಿ ನಮಸ್ಕಾರ ಮಾಡಿದಳು. ಬುಟ್ಟಿ ಇಳಿಸಿ, ಹಿಡಿ ತುಂಬ ಅನ್ನ ತೆಗೆದು ಗೇಟಿನ ಮೇಲಿಂದ ಒಳಗೆಸೆದಳು. ಎಸೆಯುತ್ತಾ ಸಣ್ಣ ದನಿಯಲ್ಲಿ ಕೂಗಿದಳು.

ಚರಗದ ಕೂಗು! ನಮ್ಮ ಅಪ್ಪ ಕೂಗುವ ಅದೇ ಕೂಗು.

ಖಾರದ ಡಬ್ಬಿ ಕೆಳಗಿಟ್ಟೆ. ಎರಡು ವರ್ಷ ನಾನು ಬೆಳಿಗ್ಗೆ ಇದನ್ನೇ ಕಲಸಿದ್ದೆ, ಮಧ್ಯಾಹ್ನ ಇದನ್ನೇ ಚೆಲ್ಲಿದ್ದೆ, ಸಂಜೆ ಇದನ್ನೇ ನೋಡಿ ಜ್ವರ ಬರಿಸಿಕೊಂಡಿದ್ದೆ. ಮಣ್ಣಿನ ಮೇಲೆ ಬಿದ್ದರೆ ಗುರುತು ಸಿಗುತ್ತಿತ್ತು. ಫರಸಿಯ ಮೇಲೆ ಬಿದ್ದದ್ದಕ್ಕೆ ನನಗೆ ಚರಗವೆಂದು ಹೊಳೆಯಲೇ ಇಲ್ಲ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಬಾಗಿಲು ತೆಗೆದು ಹೋದೆ. ಮುದುಕಿ ನನಗಿಂತ ಹೆಚ್ಚು ಬೆಚ್ಚಿದಳು.

"ಬೈಬ್ಯಾಡ ತಾಯಿ. ಮನ್ಯಾಗ ಯಾರೂ ಇರಂಗಿಲ್ಲಂತ ಬರ್ತೀನಿ. ಹ್ವಾದ ವರ್ಷ ಗೇಟಿಗಿ ಕೀಲಿ ಇತ್ತು, ಹೊರಗಿಂದೇ ಒಗದು ಹೋದೆ."

"ನಮ್ಮ ಮನಿಗಿ ಯಾಕ ಚರಗ ಚೆಲ್ತಿ ಆಯಿ?"

"ನಿಮ್ಮ ಮನಿಗಿ ಅಲ್ಲವ್ವಾ, ನಮ್ಮ ಹೊಲಕ್ಕ."

ಹೇಳಿ ತಲೆ ತಗ್ಗಿಸಿದಳು. ಹೊಲ ಮಾರಿದ್ದು ತಪ್ಪಲ್ಲ, ಅದನ್ನು ಇನ್ನೂ ನಮ್ಮದು ಅಂದದ್ದು ತಪ್ಪಾಯಿತು ಎನ್ನುವ ಹಾಗೆ. ಕೀಲಿ ತೆಗೆದೆ. ಅವಳು ನನ್ನ ಮುಖ ನೋಡಲಿಲ್ಲ. ಬೇವಿನ ಗಿಡದ ಕಡೆ ಒಮ್ಮೆ ತಿರುಗಿ ನೋಡಿ, ಅಲ್ಲಿಂದ ನೆಟ್ಟಗೆ ಹಿತ್ತಿಲಿಗೆ ನಡೆದಳು, ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅಂದು ಬೆಳಿಗ್ಗೆ ಒಗೆದ ಸಾಬೂನಿನ ನೊರೆ ಇನ್ನೂ ಇತ್ತು. ಸೆರಗಿನಿಂದ ಅದನ್ನು ಒರೆಸಿ, ಕಲ್ಲಿನ ಮೇಲೆ ಒಂದು ಕಡುಬು ಇಟ್ಟಳು.

"ಇಲ್ಲಿ ಯಾಕ ಆಯಿ?"

"ನಮ್ಮ ಮನಿಯವರು ಇಲ್ಲೇ ಅದಾರವ್ವಾ."

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಆ ಕಲ್ಲಿನ ಮೇಲೆ ಒದ್ದೆ ಕಾಲಿಟ್ಟು ನಿಂತಿದ್ದೇನೆ, ಮೈಲಿಗೆಯ ಬಟ್ಟೆ ಬಡಿದಿದ್ದೇನೆ, ಬಾಯಿ ಮುಕ್ಕಳಿಸಿ ಉಗುಳಿದ್ದೇನೆ.

"ಗದ್ದಿಗಿ ಬಿಡ್ತೀವಿ ಅಂದಿದ್ರು. ಬಾಯಿಮಾತು. ಜೇಸಿಬಿ ಬಂತು, ಕಟ್ಟಿ ಹೋತು. ಬೇವಿನ ಗಿಡ ಒಂದು ಉಳದದ, ಅದರ ಗುರ್ತಿನ ಮ್ಯಾಲ ಬರ್ತೀನಿ." ತಂಬಿಗೆಯ ನೀರು ಸುತ್ತ ಹಾಕಿ ಎದ್ದಳು. ಹೊರಡುವಾಗ ಹಿಂಜರಿಯುತ್ತಾ ಕೇಳಿದಳು, "ಒಂದು ಮಾತು ತಾಯಿ. ಈ ಸಾಬೂನಿನ ನೀರು ಒಂಚೂರು ಆಚಿಕಡಿ ಬಿಡ್ತಿ ಏನು?"

ಆಗಲಿ ಎಂದು ತಲೆಯಾಡಿಸಿದೆ. ಆಟೋ ಹೋಯಿತು. ಕಡುಬಿನ ಮುಂದೆ ನೆಲದ ಮೇಲೆ ಕೂತು ಅಪ್ಪನಿಗೆ ಫೋನು ಹಚ್ಚಿದೆ.

"ಪೂಜಿ ಆತವ್ವಾ," ಅಪ್ಪ ಅಂದರು. "ನಿನ್ನ ಗಂಡ ಊಟಕ್ಕ ಕುಂತಾರ. ನಾಳಿ ಕಚೇರಿ ಕೆಲಸ ಮುಗಿಸಿ ನಿಮ್ಮಲ್ಲಿಗೇ ಬರ್ತೀನಿ."

"ಅಪ್ಪಾ, ಅವ್ವನ ಮ್ಯಾಲ ಯಾರ ಬಚ್ಚಲ ಬರ್ತದ, ಕೇಳೀರೇನು?"

ಫೋನಿನಲ್ಲಿ ಬಾಳೆ ಎಲೆ ಗಾಳಿಗೆ ಬಡಿದುಕೊಳ್ಳುವುದು ಕೇಳಿತು.

"ಮುಂದಿನ ವರ್ಷ ಒಳಗ ಬಿಡ್ತಾರೋ ಇಲ್ಲೋ," ಅಪ್ಪ ಅಂದರು. "ಅದಕ್ಕ ಆಕಿದು ಮುಂದಿನ ವರ್ಷದ ಕಡುಬೂ ಇವತ್ತೇ ಇಟ್ಟೀನಿ."

ಅಪ್ಪನಿಗೆ ಎಲ್ಲ ಗೊತ್ತಿತ್ತು! ಗೊತ್ತಿದ್ದೂ ನನ್ನ ಹೆದರಿಕೆಗಾಗಿ ಅವ್ವನನ್ನು ಬರೆದುಕೊಡಲು ಹೊರಟಿದ್ದರು.

"ನಾಳಿ ಹೋಗಬ್ಯಾಡ್ರಿ ಅಪ್ಪಾ. ನಾ ಇಲ್ಲೇ ಇರ್ತೀನಿ, ಈ ಮನ್ಯಾಗೇ. ನನಗೇನೂ ಅಂಜಿಕಿ ಇಲ್ಲ."

ಆ ಕಡೆ ಅಪ್ಪ ಅಳುತ್ತಿದ್ದರು. ಅವ್ವ ಹೋದ ದಿನವೂ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಗಂಡ ಬಂದವರೇ ಗೇಟಿನಲ್ಲೇ ನಿಂತು ನಕ್ಕರು. "ಸಿಕ್ಕರೇನು ನಿನ್ನ ಬಾನಾಮತಿಯವರು?"

"ಸಿಕ್ಕಾರ," ಎಂದೆ. "ಬುಟ್ಟಿ ಕೆಳಗಿಡ್ರಿ. ಮೊದಲ ಹಿತ್ತಲಕ್ಕ ಬಂದು ಒಗಿಯೋ ಕಲ್ಲಿಗಿ ಕೈ ಹಚ್ಚರಿ, ಎತ್ತಿ ಆಚಿಕಡಿ ಇಡಬೇಕು."