ಉಮ್ಮನ ಬಾಯಿ, ಅಣ್ಣನ ಮಾತ್ರೆ

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ನಾನು ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಲಿಯ ಜೊಲ್ಲುಗ್ರಂಥಿಯ ಕೋಶಗಳನ್ನು ನೋಡುತ್ತಿದ್ದೆ. ವಿಟ್ಲದ ನಮ್ಮ ಮನೆಯಲ್ಲಿ ಇದನ್ನು ಹೇಳಿಕೊಳ್ಳುವಂತಿರಲಿಲ್ಲ. "ಅಷ್ಟು ಓದಿ ಇಲಿಯ ಉಗುಳು ನೋಡುವುದಾ?" ಎಂದು ಸೋದರಮಾವ ಒಂದು ಮದುವೆಮನೆಯಲ್ಲೇ ಕೇಳಿದ್ದರು.

ಹಾಗಿರುವಾಗ ನನ್ನ ತಾಯಿಯ, ಅಂದರೆ ಉಮ್ಮನ, ಬಾಯಿಯೇ ಒಣಗಿತು. ರೊಟ್ಟಿ ಗಂಟಲಿಗೆ ಇಳಿಯದು, ಮಾತಾಡಿದರೆ ನಾಲಗೆ ಅಂಟುವುದು. ರಮಳಾನ್ ಹತ್ತಿರ ಬಂದಿತ್ತು. "ಈ ಸಲ ಉಪವಾಸ ಹಿಡಿಯಲಿಕ್ಕೆ ಆಗದಿದ್ದರೆ ನಾನು ಯಾಕೆ ಬದುಕಿರುವುದು?" ಎಂದು ಅತ್ತರು. ನನಗೆ ಹೆದರಿಕೆಯಾಯಿತು.

ಹೆದರಿದ ವಿದ್ಯಾವಂತರು ಮಾಡುವುದನ್ನೇ ನಾನೂ ಮಾಡಿದೆ, ಪಾಠ ಹೇಳಿದೆ. ನರ ಬಂದು ಕೋಶದ ಬಾಗಿಲು ತಟ್ಟುತ್ತದೆ. ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಹೊರಬೀಳುತ್ತದೆ. ಅದರ ಸನ್ನೆಗೆ ಕ್ಲೋರೈಡಿನ ಕಿಂಡಿ ತೆರೆಯುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು; ಆ ನೀರೇ ಜೊಲ್ಲು. ಉಮ್ಮನ ಕೋಶಗಳಲ್ಲಿ ಕ್ಯಾಲ್ಸಿಯಂ ಹೊರಬೀಳುತ್ತಿಲ್ಲವೇನೋ ಎಂದೆ. ಇಡೀ ಪಾಠದಲ್ಲಿ ಮನೆಯವರ ಕಿವಿಗೆ ಬಿದ್ದದ್ದು ಆ ಒಂದೇ ಶಬ್ದ. ಸೌದಿಯಲ್ಲಿದ್ದ ಅಣ್ಣನಿಗೆ ಫೋನ್ ಹೋಯಿತು. ಊರಿಗೆ ಬರುವವರೊಬ್ಬರ ಪೆಟ್ಟಿಗೆಯಲ್ಲಿ ಕ್ಯಾಲ್ಸಿಯಂ ಮಾತ್ರೆಯ ದೊಡ್ಡ ಡಬ್ಬಿ ಬಂತು. ರಾಗಿಯಲ್ಲೂ ಕ್ಯಾಲ್ಸಿಯಂ ಉಂಟೆಂದು ಪಕ್ಕದ ಮನೆಯ ಶೆಟ್ಟರ ಹೆಂಡತಿ ರಾಗಿ ಮಣ್ಣಿ ಕಾಯಿಸಿ ಕಳಿಸಿದರು. ವೀಳ್ಯಕ್ಕೆ ಸುಣ್ಣ ಹೆಚ್ಚು ಹಾಕಲು ಮಾವ ಹೇಳಿದರು. ಬಾಯಿ ಮಾತ್ರ ಒಣಗಿಯೇ ಇತ್ತು.

ಕೊನೆಗೆ ಮೂಡುಬಿದಿರೆಯ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಪಾಠ ಹೇಳಲಿಲ್ಲ. ದಿನಾ ಏನು ಮಾತ್ರೆ ತಗೊಳ್ತೀರಿ ಎಂದು ಕೇಳಿದರು, ಅಷ್ಟೆ. ಉಮ್ಮ ಚೀಲದಿಂದ ಹಳದಿ ಮಾತ್ರೆಗಳ ಸ್ಟ್ರಿಪ್ ತೆಗೆದರು. ಸೆಂಟು, ಬಾಮಿನ ಜೊತೆ ಅಣ್ಣ ಕಳಿಸುತ್ತಿದ್ದ ಶೀತದ ಮಾತ್ರೆ.

"ನಿಮಗೆ ಶೀತ ಉಂಟಾ?"

"ಇಲ್ಲ ಡಾಕ್ಟ್ರೇ. ಮಗ ಕಳಿಸಿದ್ದಲ್ವಾ, ಹಾಳು ಮಾಡುವುದು ಹೇಗೆ?"

ನಮ್ಮ ಕಡೆ ಗಲ್ಫಿನಿಂದ ಬಂದ ಔಷಧಿಗೆ ಕಾಯಿಲೆ ಬೇಕೆಂದೇನಿಲ್ಲ. ಆ ಮಾತ್ರೆ ಕೋಶದ ಬಾಗಿಲಿಗೆ ಅಡ್ಡ ನಿಂತು ನರ ತಟ್ಟದಂತೆ ಮಾಡುತ್ತದೆ. ಆಮೇಲೆ ಒಳಗೆ ಕ್ಯಾಲ್ಸಿಯಂ ರಾಶಿ ಬಿದ್ದಿದ್ದರೂ ಏನು ಬಂತು? ಇದು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ವಿಷಯವೇ.

ಶೀತದ ಮಾತ್ರೆ ನಿಂತಿತು. ಮೊದಲ ಉಪವಾಸದ ಸಂಜೆ ಉಮ್ಮ ಖರ್ಜೂರ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿದರು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅಣ್ಣನ ಫೋನ್.

"ನಿನ್ನ ಕ್ಯಾಲ್ಸಿಯಂನಿಂದಲೇ ಗುಣ ಆಯ್ತು ಮಗಾ" ಎಂದರು ಉಮ್ಮ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ರಿಸೀವರಿಗೆ ಕೈ ಅಡ್ಡ ಹಿಡಿದರು.

"ನೀನು ಸುಮ್ಮನಿರು. ಅವ ಅಲ್ಲಿ ಒಬ್ಬನೇ ಇರುವುದು."