ಸಾಲ್ಮಿಯಾದ ಬಡಗು ಕಿಟಕಿ

ನಾನು ಕುವೈತ್‌ನಲ್ಲಿ ಇಳಿದದ್ದು ಮಟಮಟ ಮಧ್ಯಾಹ್ನ. ವಿಮಾನ ನಿಲ್ದಾಣದಿಂದ ಹೊರಗೆ ಬಂದರೆ ಕಾರುಗಳೆಲ್ಲ ದೀಪ ಹೊತ್ತಿಸಿಕೊಂಡು ಓಡುತ್ತಿದ್ದವು. ಆಕಾಶಕ್ಕೆ ಯಾರೋ ಮಸಿಬಟ್ಟೆ ಹೊದಿಸಿದ ಹಾಗಿತ್ತು. ಐದು ವರ್ಷದ ಮಗಳು ವಿದ್ಯಾ ನನ್ನ ಸೆರಗು ಎಳೆದು, "ಅಮ್ಮಾ, ಇಲ್ಲಿ ರಾತ್ರಿ ಆಯ್ತಾ?" ಎಂದಳು. ಅವಳ ಬಿಳಿ ಫ್ರಾಕಿನ ತೋಳಿನ ಮೇಲೆ ಆಗಲೇ ಎಣ್ಣೆಯ ಸಣ್ಣದೊಂದು ಕಪ್ಪು ಚುಕ್ಕೆ ಬಿದ್ದಿತ್ತು. ಒರೆಸಲು ಹೋದೆ, ಇನ್ನಷ್ಟು ಹರಡಿಕೊಂಡಿತು.

ಅದು ತೊಂಬತ್ತೊಂದನೇ ಇಸವಿ, ಮಳೆಗಾಲ ಮುಗಿಯುವ ಹೊತ್ತು. ಯುದ್ಧ ಮುಗಿದು ತಿಂಗಳುಗಳೇ ಆಗಿದ್ದವು. ಆದರೆ ಹಿಂದಕ್ಕೆ ಹೋಗುವಾಗ ಇರಾಕಿನ ಸೈನಿಕರು ಹಚ್ಚಿದ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ನನ್ನ ಗಂಡ ಸುರೇಶ ಅರ್ದಿಯಾದ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿ ಬೇಸಿಗೆಯಲ್ಲೇ ಬಂದಿದ್ದರು. ಉಬ್ಬಸದ ಮಗುವನ್ನು ಇಂಥ ಊರಿಗೆ ಯಾಕೆ ಕರೆದುಕೊಂಡು ಹೋದಿರಿ ಎಂದು ನೀವು ಕೇಳಬಹುದು. ಊರಿನ ಡಾಕ್ಟರೇ ಹೇಳಿದ್ದರು: ಕಾಪುವಿನ ಕಡಲ ತೇವದಲ್ಲಿ ಈ ಮಗುವಿನ ಎದೆ ಸರಿಯಾಗುವುದಿಲ್ಲ, ಒಣ ಹವೆ ಒಳ್ಳೆಯದು. ಮರುಭೂಮಿ ಎಂದ ಕೂಡಲೇ ಅವರ ಕಣ್ಣಿಗೆ ಮರಳು ಬಂದಿರಬೇಕು, ಹೊಗೆ ಬಂದಿರಲಿಕ್ಕಿಲ್ಲ. ನಾವು ಹೋಗುವಷ್ಟರಲ್ಲಿ ಬೆಂಕಿ ಪೂರ್ತಿ ಆರಿರುತ್ತದೆ ಎಂದು ಸುರೇಶರೂ ನಂಬಿದ್ದರು. ನನಗೂ ಗಂಡ ದೂರ ಇರುವ ಸಂಸಾರ ಸಾಕಾಗಿ ಹೋಗಿತ್ತು.

ಉರಿಯುವ ಬಾವಿಗಳು ಹೆಚ್ಚಾಗಿ ಇದ್ದದ್ದು ಅಹ್ಮದಿಯ ಕಡೆ, ಅಂದರೆ ನಗರದ ತೆಂಕಿಗೆ, ದಕ್ಷಿಣಕ್ಕೆ. ಶಮಾಲ್ ಬೀಸಿದರೆ, ಶಮಾಲ್ ಎಂದರೆ ಬಡಗಿನಿಂದ, ಉತ್ತರದಿಂದ ಬರುವ ಗಾಳಿ, ನಗರಕ್ಕೆ ಬೆಳಕು ಬರುತ್ತಿತ್ತು. ಗಾಳಿ ತಿರುಗಿದರೆ ಹಗಲೇ ಕತ್ತಲೆ. ಹಾಗಾಗಿ ನಮಗೆ ಬೇಕಾದದ್ದು ಒಂದೇ: ಮಗು ಮಲಗುವ ಕೋಣೆಯ ಕಿಟಕಿ ಬಡಗಿಗೆ ಇರಬೇಕು, ಬಿಗಿಯಾಗಿ ಮುಚ್ಚಬೇಕು. ಉಳಿದದ್ದೆಲ್ಲ ಹೇಗಿದ್ದರೂ ನಡೆಯುತ್ತದೆ ಎಂದುಕೊಂಡೆವು. ಅಲ್ಲಿಯ ತನಕ ಫರ್ವಾನಿಯಾದಲ್ಲಿ ಇವರ ಸಹೋದ್ಯೋಗಿಯೊಬ್ಬರ ಮನೆಯ ಒಂದು ಕೋಣೆ ನಮ್ಮದಾಯಿತು.

ಮಂಗಳೂರಿನಲ್ಲಿ ಬಾಡಿಗೆ ಮನೆ ಬೇಕೆಂದರೆ ಮೂಲೆಯ ಅಂಗಡಿಯಲ್ಲಿ ವಿಚಾರಿಸಬೇಕು. ಮನೆ ಯಜಮಾನರು ಕೀಲಿ ತೋರಿಸುವ ಮೊದಲು ನಿಮ್ಮ ಊರು, ಮನೆತನ, ಅಡುಗೆಮನೆಯಲ್ಲಿ ಮೀನು ಬೇಯುತ್ತದೋ ಇಲ್ಲವೋ, ಎಲ್ಲವನ್ನೂ ಕೆದಕಿ ತಿಳಿಯುತ್ತಾರೆ. ಇಲ್ಲಿ ಹಾಗಲ್ಲ. ಬೀದಿಯಲ್ಲಿ ಕತ್ತೆತ್ತಿ ನಡೆಯಬೇಕು. ಪರದೆ ಇಲ್ಲದ ಕಿಟಕಿ ಕಂಡರೆ ಕೆಳಗೆ ಹೋಗಿ ಹಾರಿಸ್‌ನನ್ನು, ಎಂದರೆ ಕಟ್ಟಡ ಕಾಯುವವನನ್ನು, ಹುಡುಕಬೇಕು. ಅವನು ನಿಮ್ಮ ಜಾತಿ ಕೇಳುವುದಿಲ್ಲ, ನಿಮ್ಮ ಕಫೀಲ್ ಯಾರು ಎಂದಷ್ಟೇ ಕೇಳುತ್ತಾನೆ. ಕಫೀಲ್ ಎಂದರೆ ನಮ್ಮನ್ನು ಕರೆಸಿಕೊಂಡ ಧಣಿ. ನಾನು ಯಾರ ಮಗಳು ಎಂಬುದು ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮೊದಲ ವಾರ ಅದು ಹಗುರ ಅನ್ನಿಸಿತು. ಆಮೇಲೆ ಅದೇ ಖಾಲಿ ಖಾಲಿ ಅನ್ನಿಸತೊಡಗಿತು.

ಫರ್ವಾನಿಯಾದಲ್ಲಿ ಪರದೆ ಇಲ್ಲದ ಕಿಟಕಿಗಳು ಬೇಕಾದಷ್ಟು ಇದ್ದವು. ಒಂದರಲ್ಲಿ ಗಾಜೇ ಇರಲಿಲ್ಲ, ರಟ್ಟು ಅಂಟಿಸಿದ್ದರು. ಇನ್ನೊಂದರಲ್ಲಿ ಏಸಿಯನ್ನು ಗೋಡೆಯಿಂದ ಕಿತ್ತುಕೊಂಡು ಹೋದ ಜಾಗದಲ್ಲಿ ದೊಡ್ಡ ಚೌಕದ ತೂತು, ಅದರಾಚೆ ಕಪ್ಪು ಆಕಾಶ. ಮತ್ತೊಂದು ಮನೆ ಎಲ್ಲ ರೀತಿಯಿಂದಲೂ ಚೆನ್ನಾಗಿತ್ತು. ಆದರೆ ಓಡಿಹೋದ ಸಂಸಾರದ ಸಾಮಾನು ಹಾಗೇ ಇತ್ತು. ಗೋಡೆಯಲ್ಲಿ ಮಗುವಿನ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳು, ಒಂದರ ಮೇಲೊಂದು.

"ಅವರು ವಾಪಸು ಬಂದರೆ?" ಎಂದು ನಾನು ಕೇಳಿದೆ.

ಹಾರಿಸ್ ಭುಜ ಕುಣಿಸಿದ. "ಅವರು ಖಲಾಸ್. ಬರುವುದಿಲ್ಲ."

ಮುಗಿಯಿತು ಎಂಬ ಆ ಒಂದು ಮಾತನ್ನು ಅವನು ಎಷ್ಟು ಸುಲಭವಾಗಿ ಹೇಳಿದನೆಂದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ವಿದ್ಯಾ ಆ ಗೆರೆಗಳಿಗೆ ಬೆನ್ನು ಕೊಟ್ಟು ತನ್ನ ಎತ್ತರ ನೋಡುತ್ತಿದ್ದಳು. ಕೈ ಹಿಡಿದು ಎಳೆದುಕೊಂಡು ಬಂದೆ.

ಆಮೇಲೆ ಸಾಲ್ಮಿಯಾ ಎಂಬ ಬಡಾವಣೆಯಲ್ಲಿ ಒಂದು ಕಟ್ಟಡ ನೋಡಲು ಹೋದ ದಿನವೂ ಹಗಲು ಕತ್ತಲೆಯೇ. ಮೂರನೇ ಮಹಡಿಯಲ್ಲಿ ಎದುರುಬದುರು ಎರಡು ಮನೆ, ಎರಡೂ ಖಾಲಿ. ಎರಡರ ಚಾವಡಿಯಿಂದಲೂ ಕಡಲು ಕಾಣುತ್ತಿತ್ತು. ಬೂದಿ ಬಣ್ಣದ ಒಂದು ಪಟ್ಟಿ ಮಾತ್ರ, ಆದರೂ ಕಡಲು. ಊರು ಬಿಟ್ಟ ಮೇಲೆ ಮೊದಲ ಸಲ ನನಗೆ ಕಾಲ ಕೆಳಗೆ ನೆಲ ಸಿಕ್ಕಿದ ಹಾಗಾಯಿತು.

ಇಲ್ಲಿ ನಮ್ಮ ಕರಾವಳಿಯವರ ಒಂದು ಅಭ್ಯಾಸ ಹೇಳಬೇಕು. ನಾವು ಎಡ, ಬಲ ಎನ್ನುವುದಿಲ್ಲ. ಊಟಕ್ಕೆ ಕೂತಾಗಲೂ "ಎಲೆ ಸ್ವಲ್ಪ ಪಡುಗೆ ಎಳೆ" ಎನ್ನುತ್ತೇವೆ. ಪಡು ಎಂದರೆ ಪಶ್ಚಿಮ, ಕಡಲಿರುವ ಕಡೆ; ಮೂಡು ಎಂದರೆ ಪೂರ್ವ, ಗುಡ್ಡದ ಕಡೆ. ಕಡಲಿಗೆ ಮುಖ ಮಾಡಿ ನಿಂತರೆ ಬಲಗೈ ಬಡಗು, ಎಡಗೈ ತೆಂಕು. ಇದನ್ನು ಯಾರೂ ನಮಗೆ ಕಲಿಸಿಲ್ಲ, ಹಾಲು ಕುಡಿದ ಹಾಗೆ ಬಂದದ್ದು.

ಸುರೇಶ ಕಿಟಕಿಯಲ್ಲಿ ನಿಂತು ಬಲಗೈ ಚಾಚಿದರು. "ನೋಡು ಶಶಿ, ಕಡಲು ಇಲ್ಲುಂಟು. ಹಾಗಾದ್ರೆ ಈ ಕಡೆ ಮನೆಯ ಕೋಣೆಗಳೆಲ್ಲ ಬಡಗಿಗೆ. ಆ ಕಡೆಯದ್ದು ತೆಂಕಿಗೆ, ಅದು ನಮಗೆ ಬೇಡ."

"ಮತ್ತೆಂತ ನೋಡ್ಲಿಕ್ಕುಂಟು? ಇದೇ ಆಗ್ಲಿ," ಎಂದೆ ನಾನು.

ಹಾರಿಸ್ ಸಯ್ಯದ್ ಈಜಿಪ್ಟಿನವ. ನಾವು ಒಂದು ಮನೆಗೂ ಇನ್ನೊಂದಕ್ಕೂ ಓಡಾಡಿ ಕೈ ಚಾಚುವುದನ್ನು ಬೆರಗಿನಿಂದ ನೋಡುತ್ತಿದ್ದ. "ಭಾಯಿ, ಸಬ್ ಸೇಮ್ ಸೇಮ್," ಎಂದು ಕೀಲಿ ಕೊಟ್ಟ. ಅಹ್ಮದಿ ಯಾವ ಕಡೆ ಎಂದು ಅವನನ್ನು ಒಂದು ಮಾತು ಕೇಳಬಹುದಿತ್ತು. ಕಡಲು ಕಣ್ಣೆದುರೇ ಇರುವಾಗ ದಿಕ್ಕು ಕೇಳುವವರು ಯಾರು?

ಪುಡಿಹಾಲು ಕದಡಿ ಉಕ್ಕಿಸಿ ಒಕ್ಕಲಾದೆವು. ಹಾಸಿಗೆಯನ್ನು ತೆಂಕಿಗೆ ತಲೆ ಬರುವಂತೆ ಹಾಸಿದೆ. ಬಡಗಿಗೆ ತಲೆ ಹಾಕಿಸುವುದು ಸತ್ತವರಿಗೆ ಎಂಬುದು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮುಸ್ಸಂಜೆಗೆ ಕೋಣೆಯ ಕಿಟಕಿಯಾಚೆ ದೂರದಲ್ಲಿ ಒಂದು ಕೆಂಪು ಕಾಣುತ್ತಿತ್ತು.

"ಬಡಗಿನಲ್ಲಿ ಅದೆಂತದು ಕೆಂಪು?" ಎಂದು ಕೇಳಿದೆ.

"ಬಂದರಿನ ದೀಪ ಇರ್ಬೇಕು," ಎಂದರು ಇವರು. ನಾನೂ ಒಪ್ಪಿಕೊಂಡೆ.

ಒಂದೆರಡು ದಿನ ಮಬ್ಬಿನಲ್ಲಿ ಸೂರ್ಯ ಕಾಣದಿದ್ದರೂ ಮಗು ಚೆನ್ನಾಗಿತ್ತು. ಆಮೇಲೆ ಗಾಳಿ ತಿರುಗಿತು. ನಾನು ಕಿಟಕಿಯ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿದೆ. ಹಿಂಡಿದರೆ ಬಟ್ಟೆಯಿಂದ ಕಪ್ಪು ನೀರು ಇಳಿಯುತ್ತಿತ್ತು. ವಿದ್ಯಾಳ ಎದೆಯಿಂದ ಸಣ್ಣ ಪೀಪಿಯ ಸದ್ದು ಶುರುವಾಗಿ ಸಂಜೆಯ ಹೊತ್ತಿಗೆ ಪಕ್ಕೆಲುಬು ಒಳಗೆ ಎಳೆಯತೊಡಗಿತು. ಎದುರು ಮನೆಗೆ ಅಷ್ಟರಲ್ಲಿ ಒಕ್ಕಲು ಬಂದಿದ್ದರು, ಬಜ್ಪೆ ಕಡೆಯ ಸ್ಟೆಲ್ಲಾ ಬಾಯಿ, ಆಸ್ಪತ್ರೆಯಲ್ಲಿ ನರ್ಸ್. ನಾನು ಬಾಗಿಲು ಬಡಿದ ರಭಸಕ್ಕೆ ಬರಿಗಾಲಲ್ಲೇ ಓಡಿಬಂದರು. ಮಗುವನ್ನು ನೆಟ್ಟಗೆ ಕೂರಿಸಿ, ಔಷಧಿ ಕೊಟ್ಟು, ಬೆನ್ನು ನೀವುತ್ತಾ ಕೂತರು. ಉಸಿರು ಇಳಿಯುವವರೆಗೆ ನಾನು ಗೋಡೆಗೆ ಒರಗಿಯೇ ನಿಂತಿದ್ದೆ. ಆ ಸಂಜೆಯಷ್ಟು ಹೆದರಿಕೆ ನಾನು ಹೆರುವಾಗಲೂ ಪಟ್ಟಿರಲಿಲ್ಲ. ಬಡಗು ಕಿಟಕಿಯ ಮನೆಯಲ್ಲೇ ಹೀಗಾದರೆ ಈ ಮಗುವನ್ನು ಇನ್ನೆಲ್ಲಿ ಬದುಕಿಸಲಿ ಎಂದು ನನ್ನ ಯೋಚನೆ.

ಎರಡು ದಿನ ಬಿಟ್ಟು ಶಮಾಲ್ ಬಂತು. ಬೆಳಗಾಗುವಾಗ ಹೊಗೆ ಸರಿದಿತ್ತು. ನಾನು ಚಹಾಕ್ಕೆ ನೀರಿಟ್ಟಿದ್ದೆ, ಇವರು ಕೆಲಸಕ್ಕೆ ಹೊರಡಲು ಶರ್ಟು ಹಾಕುತ್ತಿದ್ದರು. ಚಾವಡಿಯಿಂದ ವಿದ್ಯಾ ಕೂಗಿದಳು: "ಅಪ್ಪಾ, ಕಡಲಿನಿಂದ ಸೂರ್ಯ ಬರ್ತಾ ಉಂಟು!"

ಇಬ್ಬರೂ ಹೋಗಿ ನಿಂತೆವು. ನೀರಿನೊಳಗಿಂದ ಕೆಂಪಗೆ ಎದ್ದು ಬರುತ್ತಿದ್ದ. ನಾನು ಹುಟ್ಟಿದಂದಿನಿಂದ ಕಡಲಿಗೆ ಇಳಿಯುವುದನ್ನಷ್ಟೇ ನೋಡಿದ ಸೂರ್ಯ. ಇವರ ಕೈ ಶರ್ಟಿನ ಗುಂಡಿಯಲ್ಲೇ ನಿಂತಿತು.

"ಶಶಿ," ಎಂದರು ಮೆಲ್ಲಗೆ, "ಇಲ್ಲಿ ಕಡಲು ಮೂಡಿಗೆ."

ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಬಲಗೈ ತೆಂಕು. ಬಂದರಿನ ದೀಪ ಅಂದುಕೊಂಡದ್ದು ಅಹ್ಮದಿಯ ಬೆಂಕಿ. ಬೆಂಕಿಯತ್ತ ಕಿಟಕಿ ತೆರೆದ ಕೋಣೆಯನ್ನೇ ಆರಿಸಿ ಮಗುವನ್ನು ಮಲಗಿಸಿದ್ದೆವು, ಅದೂ ಬಡಗಿಗೆ ತಲೆ ಹಾಕಿ. ಇವರು ಹಾಸಿಗೆಯ ಮೇಲೆ ಕುಸಿದು ಕೂತು, "ಇಷ್ಟು ದಿನ ಹೆಣದ ಹಾಗೆ ಮಲಗಿದ್ವಲ್ಲ ಮಾರಾಯ್ತಿ," ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೇ ಬಂದವು.

ಎದುರು ಮನೆ ಈಗ ಸ್ಟೆಲ್ಲಾ ಬಾಯಿಯದು. ಬದಲಿಸಿಕೊಳ್ಳುವ ಎಂದು ಕೇಳುವುದು ಹೇಗೆ? ನಿಮ್ಮ ಒಳ್ಳೆಯ ಗಾಳಿ ನಮಗೆ ಕೊಡಿ, ನಮ್ಮ ಹೊಗೆ ನೀವು ಇಟ್ಟುಕೊಳ್ಳಿ ಎಂದ ಹಾಗೆ. ಇವರು, "ನನ್ನಿಂದ ಆಗ್ಲಿಕ್ಕಿಲ್ಲ, ನಾಚಿಕೆ," ಎಂದುಬಿಟ್ಟರು. ನಾಚಿಕೆ ನನಗೂ ಇತ್ತು. ಆದರೆ ಆ ಪೀಪಿಯ ಸದ್ದು ಕಿವಿಯಲ್ಲಿತ್ತು. ಮಧ್ಯಾಹ್ನ ಅವರು ಡ್ಯೂಟಿ ಮುಗಿಸಿ ಬಂದ ಮೇಲೆ ಬಾಗಿಲು ತಟ್ಟಿದೆ.

ಒಳಗೆ ಹೋದಾಗಲೇ ಗಮನಿಸಿದ್ದು. ಅವರ ಬಡಗು ಕೋಣೆಯ ಕಿಟಕಿಗೆ ಕಂಬಳಿ ಹೊಡೆದಿತ್ತು, ಮೊಳೆ ಹಾಕಿ. ಮಂಚವನ್ನು ತಂದು ಚಾವಡಿಯಲ್ಲಿ ಹಾಕಿಕೊಂಡಿದ್ದರು. ನಾನು ಕೇಳಬೇಕಾದದ್ದನ್ನೆಲ್ಲ ತೊದಲುತ್ತಾ ಕೇಳಿ ಮುಗಿಸಿದೆ.

"ನಿಮಗೆ ಗೊತ್ತಿಲ್ಲ ಅಲ್ವಾ ಶಶಿಕಲಾ," ಎಂದರು ಅವರು. "ಯುದ್ಧದ ಹೊತ್ತಿಗೆ ಮಕ್ಕಳನ್ನೂ ನಮ್ಮ ಯಜಮಾನರನ್ನೂ ಜೋರ್ಡಾನಿನ ಅಮ್ಮಾನ್ ದಾರಿಯಲ್ಲಿ ಊರಿಗೆ ಕಳಿಸಿ ನಾನು ಇಲ್ಲೇ ಉಳಿದದ್ದು. ವಾರ್ಡಿನಲ್ಲಿ ಪೇಶೆಂಟ್‌ಗಳು ಇದ್ರು, ಬಿಟ್ಟು ಹೋಗುವುದು ಹೇಗೆ? ಮೊದಲ ದಿನ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ಬಂದದ್ದು ಬಡಗಿನಿಂದ. ಆಮೇಲೆ ಏಳು ತಿಂಗಳು, ಬಂದವರೆಲ್ಲ ಆ ಕಡೆಯಿಂದಲೇ ಬಂದದ್ದು. ಈಗ ಅಲ್ಲಿ ಎಂತದೂ ಇಲ್ಲ, ನನಗೆ ಗೊತ್ತುಂಟು. ಆದ್ರೂ ಆ ಕಿಟಕಿ ಕಡೆ ಮುಖ ಮಾಡಿ ನನಗೆ ನಿದ್ದೆ ಬರುವುದಿಲ್ಲ."

"ಹೊಗೆ ಬರ್ತದೆ ಬಾಯಮ್ಮ, ನಮ್ಮ ಮನೆ ಕಡೆ," ಎಂದೆ. ಸುಳ್ಳು ಹೇಳಿ ಪಡೆಯುವ ಮನೆ ನನಗೆ ಬೇಡವಾಗಿತ್ತು.

"ಹೊಗೆ ಒಂದು ದಿನ ಆರ್ತದೆ," ಎಂದು ಅವರು ಎದ್ದರು. "ಪಾತ್ರೆ ಕಟ್ಟಿ. ಮಗುವಿನ ಹಾಸಿಗೆ ಮೊದಲು ತನ್ನಿ."

ಅದೇ ಸಂಜೆ ನಡುವಿನ ಜಗಲಿಯಲ್ಲಿ ಎರಡು ಮನೆಗಳ ಸಾಮಾನು ಒಂದನ್ನೊಂದು ದಾಟಿ ಹೋಯಿತು. ಸಯ್ಯದ್ ನಮ್ಮ ಒಲೆ ಎತ್ತಿ ಸಹಾಯ ಮಾಡಿದ, ಯಲ್ಲಾ ಯಲ್ಲಾ, ನಡೆಯಿರಿ ನಡೆಯಿರಿ ಎನ್ನುತ್ತಾ. ಸಬ್ ಸೇಮ್ ಸೇಮ್ ಎಂದು ತಾನು ಮೊದಲೇ ಹೇಳಿದ್ದೆನಲ್ಲ ಎಂಬ ನಗು ಅವನ ಮುಖದಲ್ಲಿ. ನಾನು ಕಂಬಳಿಯ ಮೊಳೆಗಳನ್ನು ಕಿತ್ತೆ. ಆಚೆ ಮನೆಯಲ್ಲಿ ಸ್ಟೆಲ್ಲಾ ಬಾಯಿ ಬೆಂಕಿಯ ಕಡೆಯ ಕಿಟಕಿಗೆ ಹೂವಿನ ಪರದೆ ಕಟ್ಟಿದರು. ಹೊಸ ಕೋಣೆಯಲ್ಲಿ ನಾನು ಕಡಲಿಗೆ ಮುಖ ಮಾಡಿ ನಿಂತು, ಬಲಗೈಯ ಕಡೆಗೆ ತಲೆದಿಂಬು ಇಟ್ಟೆ. ದಿನವೂ ಹಾಗೇ ನಿಂತು, ಹಾಗೇ ಇಟ್ಟು ಅಭ್ಯಾಸವಾಯಿತು. ಹೊಗೆಯ ದಿನಗಳು ಆಮೇಲೂ ಬಂದವು. ಮಗುವಿಗೆ ಕೆಮ್ಮು ಬಂತು, ಆದರೆ ಆ ಸಂಜೆಯ ಹಾಗೆ ಪಕ್ಕೆಲುಬು ಎಳೆಯಲಿಲ್ಲ. ನವೆಂಬರಿನಲ್ಲಿ ಕೊನೆಯ ಬಾವಿಯೂ ಆರಿತೆಂದು ರೇಡಿಯೋದಲ್ಲಿ ಕೇಳಿ ಸ್ಟೆಲ್ಲಾ ಬಾಯಿ ನಮಗೆಲ್ಲ ಸಣ್ಣಾ, ಅವರ ಹಬ್ಬದ ಮೆತ್ತನೆಯ ಇಡ್ಲಿ, ಮಾಡಿ ಹಾಕಿದರು.

ಡಿಸೆಂಬರಿನ ಮೊದಲ ವಾರ ಇವರ ತಂಗಿಯ ಮದುವೆಗೆಂದು ಊರಿಗೆ ಬಂದೆವು. ನನ್ನ ತಾಯಿಮನೆ ಕಡಲ ಬದಿಯಲ್ಲೇ ಇರುವುದು. ಊಟ ಮುಗಿಸಿ, ಮಗುವನ್ನು ಮಲಗಿಸಲು ಚಾಪೆ ಹಾಸಿದೆ. ತೆರೆಯ ಸದ್ದು ಬರುವ ಕಡೆಗೆ ಮುಖ ಮಾಡಿ ನಿಂತು, ಬಲಗೈಯ ಕಡೆಗೆ ತಲೆದಿಂಬು ಇಟ್ಟು ಅವಳನ್ನು ಮಲಗಿಸಿದೆ.

ತಾಂಬೂಲದ ತಟ್ಟೆ ಹಿಡಿದು ಬಂದ ಅಮ್ಮ ಬಾಗಿಲಲ್ಲೇ ನಿಂತರು. "ಎಂತ ಮಗಾ ಇದು! ಬಡಗಿಗೆ ತಲೆ ಹಾಕಿ ಮಲಗಿಸ್ತೀಯಾ ಮಗುವನ್ನು? ಹುಟ್ಟಿದ ಮನೆಯಲ್ಲಿ ನಿನಗೆ ದಿಕ್ಕು ತಪ್ಪಿತಾ?"

ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅಮ್ಮ ತಾವೇ ಬಗ್ಗಿ ತಲೆದಿಂಬನ್ನು ತೆಂಕಿಗೆ ಇಟ್ಟರು, ಮಗುವನ್ನೂ ತಿರುಗಿಸಿ ಮಲಗಿಸಿ ಹೊದೆಸಿ ಹೋದರು. ನಾನು ಪಕ್ಕದಲ್ಲಿ ಕೂತೆ. ವಿದ್ಯಾ ನಿದ್ದೆಯಲ್ಲಿ ಹೊರಳಿದಳು, ಹೊದಿಕೆ ಒದ್ದಳು, ಚಾಪೆಯ ಮೇಲೆ ಮೆಲ್ಲಗೆ ಸುತ್ತುತ್ತಾ ಸುತ್ತುತ್ತಾ ಮೊದಲಿನ ಹಾಗೆ ಬಡಗಿಗೆ ತಲೆ ಹಾಕಿ ಮಲಗಿದಳು. ಎರಡು ಸಲ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡೆ. ಅವಳ ಉಸಿರು ಸದ್ದಿಲ್ಲದೆ ನಡೆಯುತ್ತಿತ್ತು. ನಾನು ತಿರುಗಿಸಲಿಲ್ಲ.