ಅಜ್ಜಿ ಆಡದ ಮಾತಿಗೆ ಕಾದ ಯಂತ್ರ

ರುಮೇನಾ ಪ್ರೋಗ್ರಾಮ್ ಬರೆಯಲು ಕಲಿತದ್ದು ಇಸ್ತ್ರಿ ಮಣೆಯ ಮೇಲೆ. ಸ್ತ್ರುಮಿತ್ಸಾ ಊರಿನ ಆ ಮನೆಯಲ್ಲಿ ಮೇಜುಗಳಿಗೇನೂ ಬರವಿರಲಿಲ್ಲ. ಆದರೆ ಒಂದಕ್ಕೆ ಕಸೂತಿ ಬಟ್ಟೆ ಹೊದಿಸಿ ಬರುವ ಅತಿಥಿಗಳಿಗೆಂದು ಕಾದಿರಿಸಿದ್ದರು, ಇನ್ನೊಂದರ ಮೇಲೆ ಸದಾ ಹಿಟ್ಟು. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪಿಗೂ ಇಸ್ತ್ರಿಪೆಟ್ಟಿಗೆಗೂ ಸೇರಿ ಆ ಮೂಲೆಯಲ್ಲಿದ್ದದ್ದು ಒಂದೇ ಪ್ಲಗ್ಗು. ಹಾಗಾಗಿ ಅಪ್ಪನ ಎರಡು ಅಂಗಿ, ಆಮೇಲೆ ಇಪ್ಪತ್ತು ನಿಮಿಷ ಪಾಠ, ಮತ್ತೆ ಎರಡು ಅಂಗಿ. ಎಷ್ಟು ಕಲಿತೆ ಎಂದು ಯಾರಾದರೂ ಕೇಳಿದರೆ ಹದಿನೇಳು ವರ್ಷದ ಆ ಹುಡುಗಿ "ನೂರಾ ನಲವತ್ತು ಅಂಗಿಯಷ್ಟು" ಅನ್ನುತ್ತಿದ್ದಳು.

ಅವಳು ಬರೆದ ಮೊದಲ ಪ್ರೋಗ್ರಾಮ್ ಅವಳ ಹೆಸರನ್ನು ಒಂದು ಸಲ ತೋರಿಸಬೇಕಿತ್ತು. ನಿಲ್ಲು ಎಂದು ಹೇಳುವುದನ್ನು ಅವಳು ಮರೆತಿದ್ದಳು. ಪರದೆಯ ತುಂಬ ರುಮೇನಾ, ರುಮೇನಾ, ರುಮೇನಾ ಎಂದು ಸಾಲುಗಳು ಓಡತೊಡಗಿದವು. ಬಟ್ಟೆಯ ಬುಟ್ಟಿ ಹೊತ್ತು ಬಂದ ಅಮ್ಮ ಲೆಂಚೆ ಒಂದು ಗಳಿಗೆ ನಿಂತು ನೋಡಿದಳು.

"ಸದ್ಯ, ನಿನ್ನನ್ನ ಕೂಗಿ ಕೂಗಿ ನನ್ನ ಗಂಟಲು ಹರಿದುಹೋಗಿತ್ತು. ಈಗ ಆ ಕೆಲಸಾನಾದ್ರೂ ಯಂತ್ರ ವಹಿಸ್ಕೊಂತಲ್ಲ!"

ಶಾಲೆಯ ಕಂಪ್ಯೂಟರ್ ಕೂಟಕ್ಕೆ ಆ ವರ್ಷ ಓಹ್ರಿದ್‌ನ ಚಳಿಗಾಲದ ಶಿಬಿರದಲ್ಲಿ ಒಂದೇ ಒಂದು ಜಾಗ ಸಿಕ್ಕಿತ್ತು. ರುಮೇನಾಳಿಗೆ ಅದು ಬೇಕಿತ್ತು. ಅಲ್ಲಿನ ಹೆಸರಾಂತ ಸರೋವರ ನೋಡಲು ಅಲ್ಲ, ಅಲ್ಲಿ ತಲೆಗೊಂದು ಮೇಜು ಕೊಡುತ್ತಾರೆಂದು ಕೇಳಿದ್ದಳು. ಟೀಚರ್ ಗೋರಿತ್ಸಾ ಶರತ್ತು ಹಾಕಿದ್ದರು: "ನಿಮ್ಮ ಮನೆಯವರು ನಿಜವಾಗಿ ಬಳಸಿದ ಒಂದು ಪ್ರೋಗ್ರಾಮ್ ಬೇಕು. ಅದು ತಾನಾಗಿ ಕೊನೆ ಮುಟ್ಟಿರಬೇಕು. ಮಧ್ಯದಲ್ಲಿ ಕುತ್ತಿಗೆ ಹಿಸುಕಿ ನಿಲ್ಲಿಸಿದ್ದು ಲೆಕ್ಕಕ್ಕಿಲ್ಲ. ಶನಿವಾರ ಸಂಜೆ ಆರರೊಳಗೆ ಕಳಿಸಿ."

ಆ ಶನಿವಾರ ಮನೆಯಲ್ಲಿ ಐವಾರ್, ಅಂದರೆ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಗೊಜ್ಜು, ಮಾಡುವ ದಿನ. ಅರವತ್ತು ಕಿಲೋ ಕೆಂಪು ದೊಣ್ಣೆಮೆಣಸಿನಕಾಯಿ ಅಂಗಳದಲ್ಲಿ ಮೂಟೆಗಟ್ಟಿ ಕೂತಿತ್ತು. ಅದನ್ನು ಸುಡಬೇಕು, ಸಿಪ್ಪೆ ಸುಲಿಯಬೇಕು, ಬೀಜ ತೆಗೆಯಬೇಕು, ಅರೆಯಬೇಕು, ಎಣ್ಣೆ ಹಾಕಿ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ತಿರುವಬೇಕು. ಆ ದಿನ ಮನೆಯ ಹೆಣ್ಣುಮಕ್ಕಳಿಗೆ ಜ್ವರ ಬಂದರೂ ರಜೆಯಿಲ್ಲ. ತಪ್ಪಿಸಿಕೊಳ್ಳಲಾಗದ್ದನ್ನೇ ಬಳಸಿಕೊಳ್ಳುವುದು ವಾಸಿ ಎಂದು ರುಮೇನಾ ಐವಾರಿಗೇ ಒಂದು ಪ್ರೋಗ್ರಾಮ್ ಬರೆದಳು. ಯಾರು ಎಷ್ಟು ನಿಮಿಷ ದುಡಿದರೆಂದು ಅದು ನೆನಪಿಟ್ಟುಕೊಳ್ಳುತ್ತದೆ. ಕೊಪ್ಪರಿಗೆ ತಿರುವುವ ಹೊತ್ತು ಬಂದ ಮೇಲೆ ಕಾಲು ಗಂಟೆಗೊಮ್ಮೆ ಎಲ್ಲರಿಗಿಂತ ಕಡಿಮೆ ದುಡಿದವರ ಹೆಸರು ಹೇಳುತ್ತದೆ; ಅವರು ಎದ್ದು ತಿರುವಬೇಕು. ಆಮೇಲೆ ಒಂದು ಪ್ರಶ್ನೆ ಕೇಳುತ್ತದೆ: ಅಜ್ಜಿ 'ಮುಗಿಯಿತು' ಅಂದರೇ? ಹೌದೆಂದರೆ ನಿಲ್ಲುತ್ತದೆ, ಇಲ್ಲವೆಂದರೆ ಮುಂದುವರಿಯುತ್ತದೆ. ಐವಾರಿನ ಹದ ಗೊತ್ತಿದ್ದದ್ದು ಅಜ್ಜಿ ತ್ರಾಯಾಂಕಾಗೆ ಮಾತ್ರ.

ಬೆಳಗಿನ ಕಾಫಿಗೆ ಕೂತಾಗ ಅವಳು ಇದನ್ನು ಹೇಳಿದಳು. ಎಲ್ಲರಿಗಿಂತ ಮೊದಲು ಒಪ್ಪಿದವನು ಚಿಕ್ಕಪ್ಪ ಸೋತಿರ್. ಹೆಂಡತಿ ಬಿಟ್ಟುಹೋದಾಗಿನಿಂದ ಅವನು ಪ್ರತಿ ವರ್ಷ ಈ ದಿನ ಅಣ್ಣನ ಮನೆಗೆ ಬರುತ್ತಿದ್ದ, ಉಪ್ಪು ಸಾಲದು ಎಂದು ಹೇಳುತ್ತಿದ್ದ, ಹೋಗುತ್ತಿದ್ದ.

"ಭೇಷ್! ಯಂತ್ರಕ್ಕೆ ಪಕ್ಷಪಾತ ಇಲ್ಲ. ಬೆಂಕಿ ಕಾಯೋರು ಯಾರು, ಹರಟೆ ಹೊಡೆಯೋರು ಯಾರು ಅಂತ ಇವತ್ತು ಗೊತ್ತಾಗ್ಲಿ."

"ಅಸಲಿ ಕೆಲಸ ಬೆಂಕೀದೇ," ಎಂದು ಅಪ್ಪ ಮೆತೋದಿ ರಕಿಯಾ ಸಾರಾಯಿಯ ಪುಟ್ಟ ಲೋಟ ಎತ್ತಿದ. "ಯಂತ್ರ ಏನು ಹೇಳುತ್ತೋ ಅದೇ. ನನ್ನ ಮಾತು ಅಂದ್ರೆ ಮಾತು."

"ನಾವೆಲ್ಲ ಕೇಳಿಸ್ಕೊಂಡಿದೀವಿ," ಅಂದಳು ಲೆಂಚೆ.

ಮಧ್ಯಾಹ್ನದ ಹೊತ್ತಿಗೆ ಮೆಣಸಿನಕಾಯಿ ಸುಟ್ಟು, ಸುಲಿದು, ಅರೆದು ಕೊಪ್ಪರಿಗೆ ಸೇರಿತ್ತು. ಹೆಂಗಸರ ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು. ಯಂತ್ರದಲ್ಲಿ ಅಜ್ಜಿಗೆ ಮುನ್ನೂರಾ ತೊಂಬತ್ತು ನಿಮಿಷ, ಅಮ್ಮನಿಗೆ ಮುನ್ನೂರಾ ಎಪ್ಪತ್ತು, ರುಮೇನಾಳಿಗೆ ಮುನ್ನೂರಾ ಹತ್ತು. ಮೆತೋದಿಗೆ ಮೂವತ್ತು. ಸೋತಿರ್‌ಗೆ ಒಂಬತ್ತು, ಅದರಲ್ಲೂ ನಾಲ್ಕು ನಿಮಿಷ ರುಚಿ ನೋಡಿದ್ದು.

ಎಲ್ಲರೂ ಪರದೆ ನೋಡಿದರು. ತಿರುವುವವರು: ಸೋತಿರ್.

"ನಾನಾ?"

"ಪಕ್ಷಪಾತ ಇಲ್ಲ ಚಿಕ್ಕಪ್ಪ," ಅಂದಳು ರುಮೇನಾ.

ಕಾಲು ಗಂಟೆಯಾದ ಮೇಲೆ ಮತ್ತೆ ಸೋತಿರ್. ಆಮೇಲೆ ಮೆತೋದಿ. ಮತ್ತೆ ಸೋತಿರ್. ಮತ್ತೆ ಮೆತೋದಿ. ಕೊಪ್ಪರಿಗೆಯೊಳಗೆ ಕೆಂಪು ಕೆಸರು ಗುಳುಗುಳು ಅನ್ನುತ್ತ ಆಗೊಂದು ಈಗೊಂದು ಹನಿಯನ್ನು ಗಂಡಸರ ಮುಂಗೈಗೆ ಹಾರಿಸುತ್ತಿತ್ತು.

"ಲೇ ರುಮೇನಾ, ನಿನ್ನ ಯಂತ್ರ ಕೆಟ್ಟಿದೆ," ಎಂದ ಅಪ್ಪ. "ನನ್ನ ಹೆಸರು ಐದು ಸಲ ಬಂತು!"

"ಹೋದ ವರ್ಷ ನನ್ನ ಹೆಸರು ಬೆಳಿಗ್ಗೆಯಿಂದ ಸಂಜೆ ತನಕ ಬಂತು. ಏನೋ ಕೆಟ್ಟಿದೆ ಅಂತ ಯಾರಿಗೂ ಅನ್ನಿಸ್ಲಿಲ್ಲ," ಅಂದಳು ಲೆಂಚೆ. ಅವಳು ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಬರಿಗೈಯಲ್ಲಿ ಕೂತು ರೂಢಿಯಿಲ್ಲದ್ದರಿಂದ ಆಗಾಗ ಏಳಲು ಹೋಗಿ, ನೆನಪಾಗಿ, ಮತ್ತೆ ಕೂರುತ್ತಿದ್ದಳು.

ಅಜ್ಜಿ ಪೇರು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದಳು. ಕಾಲು ಗಂಟೆಗೊಮ್ಮೆ ರುಮೇನಾ ಹೋಗಿ ಕೇಳುವಳು. ಅಜ್ಜಿ ಕೊಪ್ಪರಿಗೆಯ ಕಡೆ ಕತ್ತು ಚಾಚಿ, "ನೋಡೋಣ, ತಿರುವಲಿ," ಅನ್ನುವಳು. ಮೂರು ಗಂಟೆಗೆ ತಿರುವಲಿ. ನಾಲ್ಕಕ್ಕೆ ತಿರುವಲಿ. ಸೋತಿರ್‌ನ ಅಂಗಿ ಬೆನ್ನಿಗಂಟಿತು. ಅವನು ಅದುವರೆಗೆ ಉಪ್ಪಿನ ಮಾತು ಎತ್ತಿರಲಿಲ್ಲ.

ಐದು ಗಂಟೆಗೆ ರುಮೇನಾ ಹೋಗಿ ಕೊಪ್ಪರಿಗೆಯೊಳಗೆ ಇಣುಕಿದಳು. ತಿರುವುವ ಮರದ ಹುಟ್ಟು ಎಳೆದ ದಾರಿಯಲ್ಲಿ ಕೊಪ್ಪರಿಗೆಯ ತಳ ಕಾಣುತ್ತಿತ್ತು; ದಾರಿ ಮತ್ತೆ ಮುಚ್ಚಿಕೊಳ್ಳುತ್ತಿರಲಿಲ್ಲ. ಐವಾರ್ ಆಗಿದೆಯೆಂದು ಅವಳ ಕಣ್ಣಿಗೇ ತಿಳಿಯುತ್ತಿತ್ತು. ಆರಕ್ಕೆ ಒಂದು ಗಂಟೆ ಉಳಿದಿತ್ತು, ಯಂತ್ರ ಅಜ್ಜಿಯ ಒಂದು ಮಾತಿಗೆ ಬಾಯಿ ತೆರೆದು ಕೂತಿತ್ತು.

ಆಗ ಹೊಳೆಯಿತು ಅವಳಿಗೆ, ತಾನೆಂಥ ಪೆದ್ದಿ ಎಂದು. ಅಜ್ಜಿ ಆ ಮಾತನ್ನು ಆಡಿದ್ದು ಈ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಐವಾರಿಗಷ್ಟೇ ಅಲ್ಲ, ಹೆಣೆದ ಕಾಲುಚೀಲಕ್ಕೂ ಇಲ್ಲ, ಒಗೆದ ಬಟ್ಟೆಗೂ ಇಲ್ಲ. ಮುಗಿಯಿತು ಅಂದರೆ ದೃಷ್ಟಿಯಾಗುತ್ತದೆ, ಮಾಡಿದ್ದು ಕೆಡುತ್ತದೆ ಎಂಬುದು ಅಜ್ಜಿಯ ಶಾಸ್ತ್ರ. ಊಟಕ್ಕೆ ಕರೆಯುವಾಗಲೂ "ಇನ್ನೂ ಬೇಯ್ತಿದೆ, ಬನ್ನಿ" ಅನ್ನುವ ಹೆಂಗಸು. ರುಮೇನಾ ಹೋಗಿಹೋಗಿ ಆ ಬಾಯಿಗೇ ತನ್ನ ಪ್ರೋಗ್ರಾಮಿನ ಕೊನೆಯನ್ನು ಕಟ್ಟಿಹಾಕಿದ್ದಳು.

ಅವಳು ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜೀ, ಆಗಿದೆ ತಾನೇ?"

"ಮೂರೂವರೆಗೇ ಆಯ್ತು ಕಣೇ," ಅಂದಳು ಅಜ್ಜಿ ಪಿಸುಮಾತಿನಲ್ಲಿ. "ಇನ್ನು ಹದಿನೈದು ನಿಮಿಷ ಬಿಟ್ರೆ ಚಾಕು ಹಾಕಿ ಕೊಯ್ಯಬೇಕಾಗುತ್ತೆ."

"ಮತ್ತೆ ಯಾಕೆ ಹೇಳ್ಲಿಲ್ಲ? ದೃಷ್ಟಿ ಅಂತಲಾ?"

ಅಜ್ಜಿ ಗಂಡುಮಕ್ಕಳ ಕಡೆ ನೋಡಿದಳು. ಅವರು ಹುಟ್ಟಿನ ಎರಡು ಬದಿ ಹಿಡಿದು, ನಿನ್ನ ಸರದಿ ನಿನ್ನ ಸರದಿ ಎಂದು ಜಗಳವಾಡುತ್ತಿದ್ದರು.

"ದೃಷ್ಟೀನೂ ಇಲ್ಲ, ಗಿಷ್ಟೀನೂ ಇಲ್ಲ. ಹತ್ತೊಂಬತ್ತಕ್ಕೆ ಈ ಮನೆಗೆ ಬಂದೆ. ಮೊದಲ್ನೇ ಐವಾರು. ಹುರುಪಿನಲ್ಲಿ 'ಮುಗೀತು ಅತ್ತೆ' ಅಂದೆ. ಅತ್ತೆ ಏನಂದ್ರು ಗೊತ್ತಾ? 'ಒಳ್ಳೇದಾಯ್ತು, ಹಾಗಾದ್ರೆ ಉಣ್ಣೆ ತೊಳೆಯೋಕೆ ಕೂತ್ಕೋ.' ಉಣ್ಣೆ ಮುಗೀತು ಅಂದ್ರೆ ಎಲೆಕೋಸು. ಮಾರನೇ ವರ್ಷದಿಂದ ಬಾಯಿ ಮುಚ್ಕೊಂಡೆ. ಕೇಳಿದೋರಿಗೆ ದೃಷ್ಟಿ ಅಂದೆ. ನನ್ನ ಜೊತೆ ವಾದ ಮಾಡ್ತಿದ್ರು. ದೃಷ್ಟಿ ಜೊತೆ ಯಾರೂ ವಾದ ಮಾಡ್ಲಿಲ್ಲ."

"ಐವತ್ಮೂರು ವರ್ಷಾನಾ?"

"ಎಷ್ಟು ಬೇಗ ಹೋಯ್ತು ನೋಡು. ಇವತ್ತು ಮಾತ್ರ ನಿಧಾನಕ್ಕೆ ಹೋಗ್ತಿದೆ, ಚೆನ್ನಾಗಿದೆ."

ರುಮೇನಾ ಶಿಬಿರದ ವಿಷಯ, ಆರು ಗಂಟೆಯ ವಿಷಯ, ತಾನಾಗಿ ನಿಲ್ಲಬೇಕೆಂಬ ಶರತ್ತಿನ ವಿಷಯ ಎಲ್ಲ ಹೇಳಿದಳು. ಅಜ್ಜಿ ಅನ್ನದಿದ್ದರೂ ತಾನೇ 'ಹೌದು' ಒತ್ತಿ ನಿಲ್ಲಿಸಿಬಿಡಬಹುದಿತ್ತು. ಆದರೆ ಅದು ಸುಳ್ಳಾಗುತ್ತಿತ್ತು, ಸಾಲದ್ದಕ್ಕೆ ಅಜ್ಜಿಯ ಹೆಸರಿನಲ್ಲಿ. ಅಜ್ಜಿ ಕುರ್ಚಿಯಲ್ಲೇ ಅವಳ ಕಡೆ ತಿರುಗಿದಳು.

"ನಾನು ಆ ಮಾತು ಅಂದ್ರೆ, ನಿನ್ನ ಯಂತ್ರ ನನಗೆ ಮುಂದೆ ಯಾವ ಕೆಲಸ ಕೊಡುತ್ತೆ?"

"ಯಾವುದೂ ಇಲ್ಲ."

"ಯಾವುದೂ ಇಲ್ಲ ಅಂತ ಅತ್ತೇನೂ ಅಂದಿದ್ರು. ತಾ ಇಲ್ಲಿ, ಒಳಗಡೆ ಏನು ಬರೆದಿದೀಯ ತೋರ್ಸು."

ರುಮೇನಾ ಉದ್ದದ ವೈರು ಎಳೆದು ಲ್ಯಾಪ್‌ಟಾಪನ್ನು ಮರದ ಕೆಳಗೆ ತಂದಳು. ಅಜ್ಜಿ ಕನ್ನಡಕ ಏರಿಸಿ, ಅರ್ಥವಾಗದ ಸಾಲುಗಳನ್ನೂ ಬೆರಳಿಟ್ಟು ಒಂದೊಂದಾಗಿ ದಾಟಿ, ಕೊನೆಗೆ ಬಂದು ನಿಂತಳು.

"ಇದೇನು?"

"'ಕೆಲಸ ಮುಗಿಯಿತು' ಅಂತ ತೋರಿಸು ಅಂತ."

"ಇದರ ಕೆಳಗೆ?"

"ಏನೂ ಇಲ್ಲ ಅಜ್ಜಿ. ಖಾಲಿ."

ಅಜ್ಜಿ ನಂಬಲಿಲ್ಲ. ಪರದೆಯನ್ನು ಕೆಳಗೆ ಸರಿಸುವುದು ಹೇಗೆಂದು ಕೇಳಿ ತಿಳಿದುಕೊಂಡು ತಾನೇ ಸರಿಸಿದಳು. ಬಿಳಿ. ಎಲೆಕೋಸಿಲ್ಲ, ಉಣ್ಣೆಯಿಲ್ಲ. ಸ್ವಲ್ಪ ಹೊತ್ತು ಆ ಬಿಳಿಯನ್ನೇ ನೋಡುತ್ತಿದ್ದಳು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಕೊಟ್ಟಿಗೆಯ ಕೋಳಿಗಳು ಬೆದರುವ ಹಾಗೆ ಕೂಗಿದಳು:

"ಮುಗೀತು!"

ಸೋತಿರ್‌ನ ಕೈಯಿಂದ ಹುಟ್ಟು ಜಾರಿ ಬಿತ್ತು. ಮೆತೋದಿ ತಾಯಿಯ ಮುಖ ನೋಡಿ ಶಿಲುಬೆ ಗುರುತು ಹಾಕಿಕೊಂಡ. ಅಜ್ಜಿ ತಾನೇ ಗುಂಡಿ ಒತ್ತಿದಳು. ಕೊನೆಯ ಸಾಲು ಮೂಡಿತು, ಯಂತ್ರ ನಿಂತಿತು. ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ರುಮೇನಾ ಅದನ್ನು ಗೋರಿತ್ಸಾಗೆ ಕಳಿಸಿದಳು.

ಹತ್ತೇ ನಿಮಿಷದಲ್ಲಿ ಉತ್ತರ ಬಂತು. "ಇದುವರೆಗೆ ಬಂದ ನಾಲ್ಕರಲ್ಲಿ ತಾನಾಗಿ ಕೊನೆ ಮುಟ್ಟಿದ್ದು ಇದೊಂದೇ. ಆರರ ತನಕ ಇನ್ಯಾರೂ ಕಳಿಸದಿದ್ದರೆ ಜಾಗ ನಿನ್ನದು. ಸೋತಿರ್ ಅನ್ನೋರು ಯಾರು? ಅವರು ಬದುಕಿದಾರೆ ತಾನೇ?"

ಗಡಿಯಾರದ ಮುಳ್ಳು ಆರು ದಾಟುವವರೆಗೆ ರುಮೇನಾ ಮಿಸುಕಲಿಲ್ಲ. ಬೇರೆ ಯಾರೂ ಕಳಿಸಲಿಲ್ಲವೆಂದು ಗೋರಿತ್ಸಾ ಬರೆದರು. ಅವಳ ಕೂಗಿಗೆ ಕೋಳಿಗಳು ಎರಡನೇ ಸಲ ಬೆದರಿದವು.

ಐವಾರ್ ಮಾತ್ರ ಕೊಪ್ಪರಿಗೆಯಲ್ಲೇ ಇತ್ತು, ಕೆಳಗಿನ ಬೆಂಕಿ ಆರಿ ಸಣ್ಣ ಕೆಂಡವಷ್ಟೇ ಉಳಿದಿತ್ತು. ಬಿಸಿಯಿರುವಾಗಲೇ ಭರಣಿಗೆ ತುಂಬದಿದ್ದರೆ ಇಡೀ ದಿನದ ದುಡಿಮೆ ಹಾಳು. ಗಂಡಸರು ಕೂತಿದ್ದರು, ಹೆಂಗಸರೂ ಕೂತಿದ್ದರು. ಮೆತೋದಿ ಯಂತ್ರದ ಕಡೆ ನೋಡಿದ. ಅದು ಏನೂ ಹೇಳಲಿಲ್ಲ. ಲೆಂಚೆಯ ಕಡೆ ನೋಡಿದ. ಅವಳು ಮೆಟ್ಟಿಲ ಮೇಲೆ ಆಕಾಶ ನೋಡುತ್ತಿದ್ದಳು, ಈ ಸಲ ಏಳಲು ಹೋಗಲೇ ಇಲ್ಲ.

ಕೊನೆಗೆ ಅವನು ನರಳುತ್ತ ಎದ್ದು ಸೌಟು ಹಿಡಿದ.

"ಲೆಂಚೆ, ಎಲ್ಲಿವರೆಗೆ ತುಂಬಬೇಕು?"

"ಬಾಯಿಂದ ಎರಡು ಬೆರಳು ಕೆಳಗೆ."

"ಯಾರ ಬೆರಳು?"

"ನಿಂದೇ," ಅಂದಳು ಲೆಂಚೆ. "ಕೈ ತೊಳ್ಕೊಂಡು ಅಳತೆ ಮಾಡು."